ಗೇರ್ ರಾಡಿನ ಎರಡು ತುದಿ

ಎಂಟು ತಿಂಗಳು ನಾನು ರಿವರ್ಸ್ ಇಲ್ಲದ ಕಾರು ಓಡಿಸಿದ್ದೇನೆ. ಹೊಳಲ್ಕೆರೆಯ ಮನೆಯಿಂದ ತಾಳ್ಯದ ಶಾಲೆಗೆ ಪಾಠ ಹೇಳಲು ಹೋಗಿ ಬರುವ ದಾರಿಯಲ್ಲಿ, ಎಲ್ಲಿ ನಿಲ್ಲಿಸಿದರೆ ಹಿಂದಕ್ಕೆ ತೆಗೆಯದೆ ಹೊರಡಬಹುದು ಎಂಬುದು ನನಗೆ ಬಾಯಿಪಾಠವಾಗಿತ್ತು. ತಮ್ಮನ ಬೀಗರ ಮನೆ ಗಲ್ಲಿಯೊಳಗಿದೆ, ಒಳಗೆ ಹೋದರೆ ಹಿಂದಕ್ಕೇ ಬರಬೇಕು. ಅವರ ಮನೆಯ ನಾಮಕರಣಕ್ಕೆ ಹೋಗದೆ ಜ್ವರ ಬಂದಿದೆ ಎಂದು ಸುಳ್ಳು ಹೇಳಿ ಕಳಿಸಿದೆ.

ಕಾರು ನನಗಿಂತ ಹಳೆಯದು. ಗಣಿಯ ಮ್ಯಾನೇಜರೊಬ್ಬರು ಊರು ಬಿಡುವಾಗ ಅಪ್ಪ ಅವರಿಂದ ಕೊಂಡ ವಿಲಾಯಿತಿ ಆಟೋಮ್ಯಾಟಿಕ್. ಕ್ಲಚ್ ಇಲ್ಲ, ಗೇರಿನ ಹಿಡಿ ಸ್ಟಿಯರಿಂಗ್ ಪಕ್ಕದಲ್ಲೇ ಇದೆ, ಮುಂದಿನ ಸೀಟು ಉದ್ದನೆಯ ಬೆಂಚಿನಂಥದು. ಅಪ್ಪನಿಗೆ ಕಾರಿನ ಹುಚ್ಚೇನೂ ಇರಲಿಲ್ಲ. ಮೂರನೇ ವಯಸ್ಸಿಗೆ ಪೋಲಿಯೋ ಬಂದು ನನ್ನ ಎಡಗಾಲು ಸೋತಿತ್ತು. ಕಬ್ಬಿಣದ ಪಟ್ಟಿ ಕಟ್ಟಿದ ಆ ಕಾಲನ್ನು ಮಡಿಸಲಾರೆ, ಕ್ಲಚ್ ಅಂತೂ ತುಳಿಯಲಾರೆ. ಈ ಕಾರಿನಲ್ಲಿ ಮಾತ್ರ ಅದನ್ನು ಪಕ್ಕಕ್ಕೆ ಚಾಚಿ ನೆಮ್ಮದಿಯಾಗಿ ಕೂರಬಹುದು. ಈಗಿನ ಆಟೋಮ್ಯಾಟಿಕ್ ಕಾರುಗಳಲ್ಲೂ ಕೂತು ನೋಡಿದ್ದೇನೆ, ನಡುವಿನ ಡಬ್ಬಕ್ಕೆ ಕಾಲು ಒತ್ತುತ್ತದೆ.

ಆ ಗೇರಿನ ಹಿಡಿ ವರ್ಷವರ್ಷಕ್ಕೂ ಸಡಿಲವಾಗುತ್ತಾ ಬಂತು. ಅದನ್ನು ಮೇಲಕ್ಕೆ ಒತ್ತಿ ಹಿಡಿದರೆ ಮಾತ್ರ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಅದು ಅದರ ಗುಣ ಎಂದುಕೊಂಡು ಒತ್ತಿ ಹಿಡಿದೆ. ಕೊನೆಗೆ ರಿವರ್ಸ್ ಹೋಯಿತು. ಚಿತ್ರದುರ್ಗದ ಗ್ಯಾರೇಜಿನವರು ಮೊದಲ ಸಲ ಏನನ್ನೋ ಬಿಗಿ ಮಾಡಿ ಕಳಿಸಿದರು. ಎರಡನೇ ಸಲ ಗೇರ್ ಬಾಕ್ಸೇ ಹೋಗಿದೆ, ತೆಗೆದು ಜೀಪಿನ ಗೇರ್ ಬಾಕ್ಸ್ ಕೂರಿಸೋಣ, ಕ್ಲಚ್ ಇಡೋಣ ಎಂದರು. ತಮ್ಮ ಒಪ್ಪಿ ಸೋಮವಾರಕ್ಕೆ ದಿನ ಗೊತ್ತು ಮಾಡಿಕೊಂಡು ಬಂದ. ಒಬ್ಬ ಡ್ರೈವರನ್ನು ಇಟ್ಟರಾಯಿತು ಎಂದು ನನಗೆ ಸಮಾಧಾನ ಬೇರೆ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಜೊತೆ ಎರಡು ದಿನ ಮಾತು ಬಿಟ್ಟೆ. ಕ್ಲಚ್ ಬಂದರೆ ನಾನು ಇನ್ನೆಂದೂ ಕಾರು ಓಡಿಸುವಂತಿಲ್ಲ, ಬೇರೆಯವರು ಕರೆದೊಯ್ದಾಗ ಹೋಗಬೇಕು, ಕರೆತಂದಾಗ ಬರಬೇಕು. ಆ ಬಾಳು ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಹಾಗೇ ಇದ್ದವಳು ನಾನು.

ಹಿರಿಯೂರಿನಲ್ಲಿ ಲಾರಿ ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ, ಗಣಿಯಲ್ಲಿ ಲೋಡರ್ ಯಂತ್ರಗಳನ್ನು ರಿಪೇರಿ ಮಾಡಿದವರು, ಅವಕ್ಕೂ ಇಂಥದೇ ಗೇರು ಎಂದು ತಾಳ್ಯದ ಲಾರಿಯವರೊಬ್ಬರು ಹೇಳಿದ್ದರು. ಅವರಿಗೊಮ್ಮೆ ತೋರಿಸಿ ಆಮೇಲೆ ನಿನ್ನಿಷ್ಟ ಎಂದು ಭಾನುವಾರ ತಮ್ಮನನ್ನು ಹೊರಡಿಸಿದೆ. ಕಾರು ನಾನೇ ಓಡಿಸಿದೆ. ಅವನು ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ.

ಗ್ಯಾರೇಜಿನ ಅಂಗಳ ಇಳಿಜಾರು. ನಾನು ನಿಲ್ಲಿಸಿದ ಕೂಡಲೇ ತಮ್ಮ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ನಮ್ಮ ಕಡೆ ಲಾರಿಯಾಗಲಿ, ಟ್ರ್ಯಾಕ್ಟರಾಗಲಿ, ನಿಲ್ಲಿಸಿದ ಮೇಲೆ ಚಕ್ರಕ್ಕೆ ಕಲ್ಲು ಕೊಡುವುದು ಇದ್ದದ್ದೇ. ಅಪ್ಪ ನನಗೆ ಗೇರಿಗಿಂತ ಮೊದಲು ಕಲಿಸಿದ್ದೂ ಅದನ್ನೇ. ಮೇಸ್ತ್ರಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕಲ್ಲಿನ ಕಡೆ ನೋಡಿದರು. ಆಮೇಲೆ ಹಿಂದೆ ಮಾರುದೂರದಲ್ಲಿ ಎರಡು ಲಾರಿ ಟೈರ್ ಇಟ್ಟು, ಯಾರನ್ನೂ ಹತ್ತಿರ ಬಿಡದೆ, ನನ್ನನ್ನು ಒಳಗೇ ಕೂರಲು ಹೇಳಿ ಕಲ್ಲು ತೆಗೆದರು. ಹಿಡಿಯನ್ನು ‘ಪಿ’ಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಡಿಸಿ, ಕಾಲನ್ನು ನಿಧಾನಕ್ಕೆ ಬ್ರೇಕಿನಿಂದ ಎತ್ತಲು ಹೇಳಿದರು. ‘ಪಿ’ ಎಂದರೆ ಗಾಡಿ ನಿಂತಲ್ಲೇ ಬೀಗ ಬೀಳುವ ಗೇರು. ಕಾಲೆತ್ತಿದ ಕೂಡಲೇ ಕಾರು ಹಿಂದಕ್ಕೆ ಉರುಳಿತು. ಬ್ರೇಕ್ ಒತ್ತಿದೆ.

ಶಾಲೆಯ ಗೇಟಿನ ಹತ್ತಿರವೂ ಇಂಥದೇ ಇಳಿಜಾರು. ಮಕ್ಕಳು ನನ್ನ ಕಾರಿನ ಹಿಂದೆಯೇ ಆಡುತ್ತಿರುತ್ತಾರೆ. ಅದನ್ನು ನೆನೆದೇ ಹೆದರಿದೆ. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟೇ. ಕಲ್ಲು ಇಡುವುದನ್ನು ನಮ್ಮಪ್ಪ ಕಲಿಸಿದ್ದಾರೆ, ಅದರಲ್ಲೇನು ತಪ್ಪು ಎಂದು ಮೇಸ್ತ್ರಿಯ ಮೇಲೇ ರೇಗಿದೆ.

“ಕಲ್ಲು ಕೊಡೋದು ತಪ್ಪಲ್ಲ ಟೀಚರಮ್ಮ,” ಎಂದರು ಮೇಸ್ತ್ರಿ. “ಅದನ್ನ ತೆಗೆದು ಒಂದು ಸಲನೂ ನೋಡ್ಲಿಲ್ಲ, ಅದು ತಪ್ಪು. ಬಾಕ್ಸ್ ಚೆನ್ನಾಗೈತೆ. ರಾಡಷ್ಟೇ ಅಳತೆ ತಪ್ಪೈತೆ.”

ಹಿಡಿಯಿಂದ ಗೇರ್ ಬಾಕ್ಸಿಗೆ ಒಂದು ರಾಡು ಹೋಗುತ್ತದೆ. ಅದರ ತುದಿಯಲ್ಲಿ ಪಿನ್ನು ಕೂರುವ ಬಳೆ, ಅಂದರೆ ಬುಶ್, ಸವೆದಿತ್ತು. ಚಿತ್ರದುರ್ಗದವರು ಹಿಡಿಯ ಪಕ್ಕದ ಅಕ್ಷರ ನೋಡಿಕೊಂಡು ರಾಡು ಬಿಗಿ ಮಾಡಿದ್ದರಂತೆ. ಮೇಲೆ ಮುಳ್ಳು ‘ಪಿ’ ತೋರಿಸಿದರೂ ಕೆಳಗೆ ಬಾಕ್ಸು ಅಲ್ಲಿಗೆ ತಲುಪುತ್ತಿರಲಿಲ್ಲ, ರಿವರ್ಸ್ ಕಥೆಯೂ ಅದೇ. ಅಕ್ಷರ ಕೊನೆಗೆ, ಮೊದಲು ಬಾಕ್ಸು ಎಂದರು ಮೇಸ್ತ್ರಿ. ಪಕ್ಕದ ಲೇತಿನಲ್ಲಿ ಹಿತ್ತಾಳೆಯ ಬುಶ್ ಮಾಡಿಸಿ ತಂದರು. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಗಳಿಗೆ ದಿಮ್ಮಿ ಕೊಟ್ಟು ಕೆಳಗಿಳಿದರು. ರಾಡು ಬಿಡಿಸಿ, ಬಾಕ್ಸಿನ ಪಕ್ಕದಲ್ಲಿರುವ ಗಿಡ್ಡ ಹಿಡಿಯನ್ನು ಕೊನೆಯವರೆಗೆ ತಳ್ಳಿ, ಟಕ್ ಟಕ್ ಎಂದು ಎಣಿಸುತ್ತಾ ನ್ಯೂಟ್ರಲ್‌ಗೆ ತಂದರು.

ಈಗ ಮೇಲಿನ ಹಿಡಿಯನ್ನು ಒಬ್ಬರು ನ್ಯೂಟ್ರಲ್‌ನಲ್ಲಿ ಹಿಡಿದಿರಬೇಕು. ನೀನು ಇಳಿ, ನಾನು ಹಿಡೀತೀನಿ ಎಂದು ತಮ್ಮ ಬಂದ. ಕೆಳಗಿನಿಂದ ಮೇಸ್ತ್ರಿ ಬೇಡ ಎಂದರು.

“ದಿನಾ ಓಡಿಸೋರ ಕೈಯೇ ಬೇಕು. ಅವರೇ ಹಿಡೀಲಿ.”

ನಾನು ಹಿಡಿದೆ. ಅವರು ರಾಡಿನ ತಿರುಪು ತಿರುಗಿಸಿ ಪಿನ್ನನ್ನು ತೂತಿಗೆ ತಂದರು, ಹೋಗಲಿಲ್ಲ. ಮತ್ತೆ ತಿರುಗಿಸಿದರು, ಆಗಲೂ ಹೋಗಲಿಲ್ಲ. ಮೇಲಕ್ಕೆ ಒತ್ತಬೇಡಿ ಎಂದರು. ನಾನು ಒತ್ತುತ್ತಿಲ್ಲ ಎಂದು ಗದರಿದೆ. ಆಮೇಲೆ ಕೈ ನೋಡಿಕೊಂಡರೆ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ವರ್ಷಗಟ್ಟಲೆ ಒತ್ತಿ ಒತ್ತಿ ಕೈಗೆ ಬೇರೆ ರೂಢಿಯೇ ಇರಲಿಲ್ಲ. ಉಸಿರು ಬಿಟ್ಟು ಬೆರಳು ಸಡಿಲಿಸಿದೆ. ಪಿನ್ನು ಬಲವಂತವಿಲ್ಲದೆ ಒಳಗೆ ಕೂತಿತು.

ಅಂಗಳದಲ್ಲಿ ಮತ್ತೆ ಕಲ್ಲಿಲ್ಲದೆ ‘ಪಿ’ಗೆ ಹಾಕಿದೆ. ಕಾರು ಕದಲಲಿಲ್ಲ. ರಿವರ್ಸ್ ಹಾಕಿದೆ. ಸಣ್ಣಗೆ ನಡುಗಿ ಹಿಂದಕ್ಕೆ ಬಂತು. ಯಾರ ಸಹಾಯವೂ ಇಲ್ಲದೆ ಎರಡು ಲಾರಿಗಳ ನಡುವಿನಿಂದ ಹೊರಗೆ ತಂದು ನಿಲ್ಲಿಸಿದೆ. ಮೇಸ್ತ್ರಿಗೆ ಕೈ ಮುಗಿದೆ. ರೇಗಿದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ, ಕೇಳದೆಯೇ ಹೊರಟುಬಿಟ್ಟೆ. ಅದನ್ನು ಈಗ ಬರೆಯುತ್ತಿದ್ದೇನೆ. ನನ್ನ ಕೈಯೇ ಬೇಕು ಎಂದ ಅವರಿಗೆ ನಾನು ಬದುಕಿರುವವರೆಗೂ ಋಣಿ.

ಚಿತ್ರದುರ್ಗ ದಾಟುವಾಗ ತಮ್ಮ ಫೋನ್ ತೆಗೆದ. ಆ ಗ್ಯಾರೇಜಿನವರಿಗೆ ಮಾಡುತ್ತಿದ್ದಾನೆಂದು ಮಾತಿನಲ್ಲೇ ಗೊತ್ತಾಯಿತು.

“ನಾಳೆ ಬರಲ್ಲ ರೀ. ಕ್ಲಚ್ ಬ್ಯಾಡ,” ಎಂದ. ಆ ಕಡೆಯವರು ಏನೋ ಕೇಳಿರಬೇಕು. “ಡ್ರೈವರ್ ಯಾಕೆ? ನಮ್ಮಕ್ಕ ಓಡಿಸ್ತಾಳೆ.”

ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ, ಎರಡು ಕೈಯೂ ಸ್ಟಿಯರಿಂಗ್ ಮೇಲಿದ್ದವು.