ಅವ್ವನ ಹೆಸರಿನ ರೊಟ್ಟಿ

ಇದನ್ನು ನೀವು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕ್ಲಾಸಿನಲ್ಲೂ ಯಾರೂ ನಂಬಲಿಲ್ಲ. ನಾನು ಹೇಳುವುದರಲ್ಲಿ ಅರ್ಧ ಉಪ್ಪುಖಾರ ಎಂದು ಅವರಿಗೆ ಗೊತ್ತು. ಆದರೆ ಎರಡೇ ಎರಡು ಬಿಸಿರೊಟ್ಟಿಯಿಂದ ನಾನು ನಮ್ಮವ್ವನ ಕೇಸನ್ನು ಮುಳುಗಿಸಲು ಹೊರಟಿದ್ದು ಮಾತ್ರ ಖರೇ.

ನಮ್ಮವ್ವ ಗಬ್ಬೂರ ಬೈಪಾಸಿನ ಹತ್ತಿರದ ಒಂದು ರೊಟ್ಟಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಎಂಟು ತಿಂಗಳ ಹಿಂದೆ ಹಿಟ್ಟು ನಾದುವ ಮಷಿನ್ನಿಗೆ ಅವಳ ಬಲಗೈ ಸಿಕ್ಕಿತು. ಎರಡು ಬೆರಳು ಹೋದವು, ಉಳಿದವು ಮಡಚುವುದಿಲ್ಲ. ಪರಿಹಾರಕ್ಕೆ ಕೇಸು ಹಾಕಿದೆವು. ಕೈ ಎಷ್ಟು ಹೋಗಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಉಳಿದ ಕೈಯಲ್ಲಿ ಯಾವ ಕೆಲಸ ಮಾಡಬಹುದು, ಅಂಥ ಕೆಲಸ ಈ ಊರಲ್ಲಿ ಎಷ್ಟು ಸಿಗುತ್ತದೆ ಎಂದು ಬರೆಯಲು ವಿಮಾ ಕಂಪನಿಯವರು ಒಬ್ಬರನ್ನು ಕಳಿಸುವವರಿದ್ದರು. ಕೆಲಸ ಬಹಳ ಇವೆ ಎಂದು ಬರೆದರೆ ಪರಿಹಾರ ಅಷ್ಟು ಕಡಿಮೆ.

"ಅವರು ಬಂದಾಗ ಕೇಳಿದ್ದಕ್ಕಷ್ಟ ಉತ್ತರಾ ಹೇಳ್ರಿ," ಎಂದು ವಕೀಲರು ಎಚ್ಚರಿಸಿದ್ದರು. ಹೇಳುವಾಗ ಅವ್ವನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ವಿಮಾ ಕಂಪನಿಯವರು ಬೈರಿದೇವರಕೊಪ್ಪದ ನಮ್ಮ ಮನೆಗೆ ಒಂದು ತಾಸು ಮೊದಲೇ ಬಂದುಬಿಟ್ಟರು. ಅವ್ವ ಕೈಗೆ ವ್ಯಾಯಾಮ ಮಾಡಿಸಿಕೊಳ್ಳಲು ದವಾಖಾನೆಗೆ ಹೋಗಿದ್ದಳು. ಬಂದವರು ಸಣ್ಣ ಆಳು, ಆದರೆ ಕಂಕುಳಲ್ಲಿದ್ದ ಫೈಲು ನಮ್ಮ ಕಪಾಟಿನಷ್ಟಿತ್ತು. ಸರಿಯಾಗಿ ಊಟದ ಹೊತ್ತು. ಆ ಹೊತ್ತಿಗೆ ಬಂದವರನ್ನು ಬರೀ ನೀರು ಕುಡಿಸಿ ಕೂರಿಸಿದರೆ ಅವ್ವ ನನ್ನ ಚರ್ಮ ಸುಲಿಯುತ್ತಾಳೆ. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಬಡಿಸಿದೆ.

"ರೊಟ್ಟಿ ಭಾಳ ತೆಳ್ಳಗ ಆಗ್ಯಾವಲ್ಲ ತಂಗಿ. ಯಾರು ಮಾಡ್ಯಾರ?"

"ನಮ್ಮವ್ವ ಮಾಡ್ಯಾಳ್ರಿ."

ಸುಳ್ಳು. ಮಾಡಿದ್ದು ನಾನು. ಅವ್ವನ ಕೈ ಹೋದಾಗಿನಿಂದ ರೊಟ್ಟಿ ಬಡಿಯುವವಳು ನಾನೇ. ಆದರೆ ನಮ್ಮ ಓಣಿಯಲ್ಲಿ ರೊಟ್ಟಿ ಅಂದರೆ ಅವ್ವನ ಹೆಸರು. ಮದುವೆಯ ಮನೆಯವರು ಕರೆದುಕೊಂಡು ಹೋಗುತ್ತಿದ್ದರು. ಆ ಹೆಸರಾದರೂ ಉಳಿಯಲಿ ಎಂದು, ಹೊರಗಿನವರು ಯಾರು ಕೇಳಿದರೂ ಅಪ್ಪ, ನಾನು ಒಂದೇ ಉತ್ತರ ಕೊಡುತ್ತಿದ್ದೆವು. ಎಂಟು ತಿಂಗಳು ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಲ್ಲ.

"ಒಂದ ಕೈಲೆ ಬಡೀತಾಳ್ರಿ ಸರ್ರ. ಒಂದು ತಾಸಿಗೆ ಒಂದು ಬುಟ್ಟಿ. ಓಣಿ ಮಂದಿ ನಿಂತು ನೋಡ್ತಾರ."

ಅವರು ಎಡಗೈಯಿಂದ ಫೈಲು ತೆರೆದು, ಬಲಗೈ ಒರೆಸಿಕೊಂಡು ಪೆನ್ನು ತೆಗೆದರು. ಆಗ ನನಗೆ ಹೊಳೆಯಿತು. ರೊಟ್ಟಿ ಬಡಿಯುವ ಕೈಗೆ ಪರಿಹಾರ ಯಾರು ಕೊಡುತ್ತಾರೆ?

"ಅಂದ್ರ ಸರ್ರ, ಅವು ಕೈ ಹೋಗೂಕಿಂತ ಮೊದಲಿನ ರೊಟ್ಟಿರಿ."

"ಎಂಟು ತಿಂಗಳ ಹಿಂದಿನವು?"

"ಒಣಗಿಸಿದ ಕಟಕ ರೊಟ್ಟಿ ಕೆಡೂದಿಲ್ಲಲ್ರಿ."

"ಇವು ಮೆತ್ತಗ ಅದಾವಲ್ಲ. ಬಿಸೀನೂ ಅದಾವು."

"ಬಿಸಲಾಗ ಇಟ್ಟಿದ್ದೆರಿ."

ಅವರು ನಗಲಿಲ್ಲ. ಇನ್ನೊಂದು ತುತ್ತು ತಿಂದು, ಬರೆಯುತ್ತಾ ಹೇಳಿದರು: "ರೊಟ್ಟಿ ಬಡಿಯೋ ಕೈಗೆ ಪ್ಯಾಕಿಂಗ್ ಕೆಲಸ ಆಗತೈತಿ. ಕೇಶ್ವಾಪುರದಾಗ ಸೀರಿ-ಅರಬಿ ಅಂಗಡಿ ಬೇಕಾದಷ್ಟ ಅದಾವು, ಸೀರಿ ಮಡಚಬಹುದು. ಲೇಡೀಸ್ ಹಾಸ್ಟೆಲಿನ ಗೇಟಿಗೆ ಕುಂದ್ರಬಹುದು."

ಒಂದೊಂದು ಕೆಲಸ ಬರೆದಾಗಲೂ ಅವ್ವನ ಕೈಯಿಂದ ಇನ್ನೊಂದು ಬೆರಳು ಹೋದಂತೆ ನನಗನ್ನಿಸುತ್ತಿತ್ತು.

"ಪ್ಯಾಕಿಂಗ್ ಆಗೂದಿಲ್ರಿ, ನಮ್ಮವ್ವಗ ಪ್ಲಾಸ್ಟಿಕ್ ವಾಸನಿ ಬಂದ್ರ ಚಕ್ಕರ್ ಬರತೈತಿ. ಸೀರಿ ನೋಡಿದ್ರ ಅಳ್ತಾಳ್ರಿ. ಗೇಟಿಗಂತೂ ಬ್ಯಾಡ್ರಿ, ಕುಂತಲ್ಲೇ ನಿದ್ದಿ ಹೊಡಿತಾಳ. ಕಳ್ಳರ ಬಂದು ಆಕಿನ್ನ ಎಬ್ಬಿಸಬೇಕು."

"ತಂಗಿ, ನೀ ಒಂದಕ್ಕೊಂದು ತಾಳ ಇಲ್ಲದ್ದು ಹೇಳಾಕತ್ತಿ."

"ಸರ್ರ, ಈ ಕೆಲಸ ಎಲ್ಲಾ ನಮ್ಮವ್ವಗ ಯಾರು ಕೊಡ್ತಾರ್ರಿ?"

ಅವರು ಪೆನ್ನು ನಿಲ್ಲಿಸಿದರು. ಕೆಟ್ಟವರಂತೆ ಕಾಣಲಿಲ್ಲ, ದಣಿದಿದ್ದರು. "ಊರಾಗ ಕೆಲಸ ಅದಾವೋ ಇಲ್ಲೋ ಅಂತ ಬರಿಯೂದು ನನ್ನ ಕೆಲಸ. ಕೊಡ್ತಾರೋ ಇಲ್ಲೋ ಅನ್ನೂದಕ್ಕ ಇದರಾಗ ಕಾಲಮ್ ಇಲ್ಲವ್ವ."

ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೇಶ್ವಾಪುರದಲ್ಲಿ ಮೂರು ಅಂಗಡಿಗೆ ಅವ್ವನ ಜೊತೆ ನಾನೇ ಹೋಗಿದ್ದೆ. ಆದರೆ ಆ ಮಾತು ಮನೆಯ ಹೊಸಿಲು ದಾಟಬಾರದೆಂದು ಅವಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ದಿನವಿಡೀ ತೂತು ಬಿದ್ದ ನಲ್ಲಿಯ ಹಾಗೆ ಸುರಿಯುವ ನನ್ನ ಬಾಯಿ, ಬೇಕಾದ ಒಂದೇ ಮಾತಿಗೆ ಕಟ್ಟಿಹೋಯಿತು. ಅವರು ಹಾಳೆ ಮಗುಚಿ, ಸಹಿ ಮಾಡಲು ಕೊನೆಯ ಪುಟಕ್ಕೆ ಹೋದರು. ಆ ಪುಟ ಮುಗಿದರೆ ಅವ್ವನ ಕೇಸೂ ಮುಗಿಯಿತು, ಅದೂ ನನ್ನ ಕೈಯಿಂದ.

ಅಷ್ಟರಲ್ಲಿ ಅವ್ವ ಒಳಗೆ ಬಂದಳು. ಬಂದವರ ತಾಟು ನೋಡಿದಳು, ತೆರೆದ ಫೈಲು ನೋಡಿದಳು, ನನ್ನ ಮುಖ ನೋಡಿದಳು. ನಾನು ಏನೂ ಹೇಳಬೇಕಾಗಲಿಲ್ಲ.

"ಏನಂದ್ಲ್ರಿ ಸಾಹೇಬ್ರ ಈಕಿ?"

"ರೊಟ್ಟಿ ನೀವು ಮಾಡಿದ್ದು ಅಂದ್ಲ್ರಿ."

ಅವ್ವ ಅವರೆದುರು ಕೂತು, ಸೆರಗಿನೊಳಗಿಂದ ಬಲಗೈ ತೆಗೆದು ಫೈಲಿನ ಮೇಲೆ ಇಟ್ಟಳು. ಅಜ್ಜಿಗೂ ಅವಳು ಅದನ್ನು ಹಾಗೆ ತೋರಿಸಿರಲಿಲ್ಲ.

"ರೊಟ್ಟಿ ನನ್ನ ಮಗಳು ಮಾಡ್ಯಾಳ್ರಿ. ನನ್ನ ಕೈಲೆ ಆಗೂದಿಲ್ಲ. ಕೇಶ್ವಾಪುರದಾಗ ಮೂರು ಅಂಗಡಿ ತಿರಗೇನಿ. ಒಬ್ಬಾಂವ, ಈ ಕೈ ನೋಡಿದ್ರ ಗಿರಾಕಿ ಒಳಗ ಬರೂದಿಲ್ಲ ಅಂದ. ಬರ್ಕೊರಿ. ಫೈಲಿನ್ಯಾಗ ಅದಕ್ಕ ಜಾಗಾ ಇಲ್ಲಂದ್ರ ಅಂಚಿನ್ಯಾಗ ಬರ್ಕೊರಿ."

ನನ್ನ ಕಡೆ ತಿರುಗದೆಯೇ, "ನೀ ಒಳಗ ನಡಿ," ಎಂದಳು.

ನಡೆದೆ.