ಟವೆಲಿನ ನಾಲ್ಕು ಮಡಿಕೆ

ಬಲಗಾಲು ಇವತ್ತು ಹೇಳಿದ ಮಾತು ಕೇಳೀತೇ? ಕೇಳದಿದ್ದರೆ? ಐವತ್ತು ಜನರನ್ನು ಹಿಂದೆ ಕೂರಿಸಿಕೊಂಡು ಇದನ್ನು ಯೋಚಿಸುವುದಕ್ಕಿಂತ ಇಲ್ಲೇ, ಡಿಪೋದ ನೆಲದ ಮೇಲೆ ಯೋಚಿಸುವುದು ವಾಸಿ.

ಬೆಳಗಿನ ಐದೂಕಾಲು. ತಮ್ಮ ಬಸ್ಸಿನ ಪಕ್ಕದಲ್ಲಿ ಚಾಪೆ ಹಾಸಿ ಚಾಲಕರು ಅಂಗಾತ ಮಲಗಿದ್ದಾರೆ. ಬಲಗಾಲನ್ನು ಎಡ ಮೊಣಕಾಲಿನ ಮೇಲೆ ಅಡ್ಡ ಇಟ್ಟು, ಎಡ ತೊಡೆಯನ್ನು ಎರಡೂ ಕೈಯಿಂದ ಎದೆಯತ್ತ ಎಳೆದು ಮೂವತ್ತು ಎಣಿಸುತ್ತಾರೆ. ಹೀಗೆ ಮೂರು ಸಲ.

“ಅಣ್ಣಾ, ಬಸ್ಸೇ ಇನ್ನೂ ಎದ್ದಿಲ್ಲ, ನೀವಾಗ್ಲೇ ಮಲಗಿಬಿಟ್ರಾ?” ಕಂಡಕ್ಟರ್ ಹೆಂಗಸು ಕೆಣಕುತ್ತಾರೆ.

“ಹತ್ತೊಂಬತ್ತು, ಇಪ್ಪತ್ತು... ಲೆಕ್ಕ ತಪ್ಪಿಸ್ಬೇಡಮ್ಮ ತಾಯಿ.”

ಡಿಪೋದಲ್ಲಿ ಇವರ ಹೆಸರು ‘ಗಡಿಯಾರ’. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಸ್ಸು ಇವರಿಂದ ತಡವಾದದ್ದಿಲ್ಲ. ದಿನಕ್ಕೆ ಆರು ಟ್ರಿಪ್ಪು, ಎಂಟು ಗಂಟೆ, ಒಂದೇ ಸೀಟು. ಕೆಲಸ ಕಲಿಸಿದ ಹಿರಿಯ ಚಾಲಕರು ಜೊತೆಗೊಂದು ಉಪಾಯವನ್ನೂ ಕಲಿಸಿದ್ದರು. ಟವೆಲನ್ನು ನಾಲ್ಕು ಮಡಿಕೆ ಮಾಡಿ ಬಲ ಪೃಷ್ಠದ ಕೆಳಗಿಟ್ಟುಕೊಂಡರೆ ಕಾಲು ತನ್ನ ಭಾರಕ್ಕೆ ತಾನೇ ಪೆಡಲಿನ ಮೇಲೆ ಇಳಿಯುತ್ತದೆ. ಇಲ್ಲಿನ ಅರ್ಧ ಜನ ಹಾಗೆಯೇ ಕೂರುತ್ತಿದ್ದರು.

ಮೂರು ವರ್ಷದ ಹಿಂದೆ ಪೃಷ್ಠದ ಆಳದಲ್ಲಿ ಶುರುವಾದ ನೋವು ತೊಡೆಯ ಹಿಂಬದಿಯಿಂದ ಮೀನಖಂಡಕ್ಕೆ ಇಳಿಯಿತು. “ಕಾದ ತಂತಿ ಎಳೆದ ಹಾಗೆ. ಎದ್ದು ಓಡಾಡಿದ್ರೆ ಕಮ್ಮಿ, ಕೂತ್ರೆ ಜಾಸ್ತಿ. ನನ್ ಕೆಲ್ಸವೇ ಕೂರೋದು!” ಬೆನ್ನುಮೂಳೆಯ ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಒಂದು ಸಂಜೆ ಪಾದ ಮರಗಟ್ಟಿ, ಬ್ರೇಕು ಒತ್ತುವುದು ತಡವಾಗಿ, ಬಸ್ಸು ನಿಲ್ದಾಣದಿಂದ ಒಂದು ಮಾರು ಮುಂದೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಯಾರೂ ಗಮನಿಸಲೂ ಇಲ್ಲ. ಮರುದಿನ ತಾವೇ ಹೋಗಿ ಬಸ್ಸಿನ ಕೀಲಿ ಒಪ್ಪಿಸಿದರು.

ಮುಚ್ಚಿಡಬಹುದಿತ್ತಲ್ಲ ಎಂದರೆ, “ಸಾಹೇಬ್ರಿಗೆ ಸುಳ್ಳು ಹೇಳ್ಬಹುದು ಸಾರ್. ಬ್ರೇಕಿಗೆ ಹೇಳಕ್ಕಾಗುತ್ತಾ?” ಎನ್ನುತ್ತಾರೆ.

ಕೊನೆಗೆ ಫಿಸಿಯೋಥೆರಪಿಯ ಮೇಡಂ, “ದಿನಾ ಹೇಗೆ ಕೂರ್ತೀರಿ, ತೋರ್ಸಿ” ಎಂದರು. ಇವರು ಟವೆಲ್ ಮಡಚಿ ಕೂತು ತೋರಿಸಿದರು. ಪೃಷ್ಠದ ಆಳದಲ್ಲಿ ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯುವಿದೆ. ಕಾಲಿಗಿಳಿಯುವ ದಪ್ಪ ನರ ಹಾಯುವುದು ಅದರ ಅಡಿಯಲ್ಲೇ. ವರ್ಷಗಟ್ಟಲೆ ಟವೆಲು ಒತ್ತಿ ಒತ್ತಿ ಸ್ನಾಯು ಬಿಗಿದು ನರವನ್ನು ಅದುಮಿತ್ತು.

ನಾಲ್ಕು ತಿಂಗಳು ಡಿಪೋದಲ್ಲಿ ಬಸ್ಸು ತೊಳೆದರು. ವ್ಯಾಯಾಮ ಒಂದು ದಿನವೂ ಬಿಡಲಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ಮೊದಲ ಸಲ ಫೇಲು, ಎರಡನೆಯ ಸಲ ಪಾಸು. ಈಗ ಪ್ರತಿ ಟ್ರಿಪ್ಪಿನ ಕೊನೆಗೆ ಇಳಿದು ಬಸ್ಸನ್ನು ಎರಡು ಸುತ್ತು ಹಾಕುತ್ತಾರೆ. ಪಾದ ಮತ್ತೆ ಮರಗಟ್ಟಿಲ್ಲ. ನೋವು ಪೂರ್ತಿ ಹೋಗಿಲ್ಲ. “ಅದು ಬಾಡಿಗೆಗಿದೆ ಅಷ್ಟೇ. ಮನೆ ಯಜಮಾನ ನಾನು.”

ಚಾಪೆ ಸುತ್ತಿಟ್ಟು ಹೊಸ ಚಾಲಕರ ಸೀಟುಗಳನ್ನು ನೋಡಿಕೊಂಡು ಬರುತ್ತಾರೆ. ಮಡಚಿದ ಟವೆಲ್ ಕಂಡರೆ ಎಳೆದು ಅವರ ಹೆಗಲಿಗೇ ಹಾಕುತ್ತಾರೆ. “ಈ ಡಿಪೋದಲ್ಲಿ ಟವೆಲು ಮುಖ ಒರೆಸೋಕೆ ಮಾತ್ರ ಇರ್ಬೇಕು. ಅಷ್ಟಾದ್ರೆ ಸಾಕು ನಂಗೆ.”

ಕಲಿಸಿದ ಹಿರಿಯರು ಈಗಿಲ್ಲ. ಕೊನೆಯ ವರ್ಷಗಳಲ್ಲಿ ಅವರೂ ಬಲಗಾಲು ಎಳೆಯುತ್ತಿದ್ದರು, ವಯಸ್ಸಾಯಿತು ಎನ್ನುತ್ತಿದ್ದರು. ಇವರು ಟವೆಲು ಬಿಟ್ಟ ಮೇಲೆ ಕಡೆಯ ಸಲ ನೋಡಲು ಹೋದಾಗ, “ಟವೆಲ್ ಇಟ್ಕೊಂಡೇ ಕೂರ್ತೀಯ ತಾನೇ ಮಗಾ?” ಎಂದು ಕೇಳಿದ್ದರು.

“ಇಟ್ಕೋತೀನಿ ಅಣ್ಣ” ಎಂದಿದ್ದರು ಇವರು.

ನೋವು ಬಂದದ್ದು ಆ ಟವೆಲಿನಿಂದಲೇ ಎಂದು ಅವರಿಗೆ ಹೇಳಲೇ ಇಲ್ಲ.