ನಾಲ್ಕೂ ಇಪ್ಪತ್ತರ ಗೆರೆಗಳು

ಆಯುಧಪೂಜೆ ಮುಗಿದ ನಾಲ್ಕನೇ ದಿನ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಕಂಪ್ಯೂಟರಿನ ಪರದೆ ಕೆಟ್ಟಿತು. ಸಮಯವನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಆಗಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದಾದ ಹದಿನಾರು ದಿನಕ್ಕೆ ನನ್ನ ಗಂಡ ಮಾನಿಟರಿನ ಹಿಂಬದಿ ಬಿಚ್ಚಿ ಒಳಗೆ ಕೈ ಹಾಕಿದರು. ಆ ದಿನದ ಸಮಯ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಇಷ್ಟು ವರ್ಷವಾದರೂ, ಹಾಲು ಉಕ್ಕುವುದನ್ನು ಕಾಯುತ್ತ ಒಲೆಯ ಮುಂದೆ ನಿಂತಿರುವಾಗ, ಆ ಕೈ ಸುಮ್ಮನೆ ಕಣ್ಣ ಮುಂದೆ ಬಂದುಬಿಡುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾವು ಕೋಲಾರದ ಚಿನ್ನದ ಗಣಿಯ ಊರಿಗಾಂನಲ್ಲಿ ಒಂದು ಚಿಕ್ಕ ಮನೆಯಲ್ಲಿದ್ದೆವು. ನನ್ನ ತವರು ಬಂಗಾರಪೇಟೆ. ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದ್ದೆ, ಭೌತಶಾಸ್ತ್ರ ನನ್ನ ಮೆಚ್ಚಿನ ವಿಷಯ. ಗಂಡ ಬೇತಮಂಗಲದ ಕಡೆಯ ಬೇಸಾಯಗಾರರ ಮನೆಯವರು, ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯ ಮುಂದಿನ ಕೋಣೆಯಲ್ಲಿ ಕಬ್ಬಿಣದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ನಾನು ಲಗ್ನಪತ್ರಿಕೆಗಳ ಅಕ್ಷರ ಜೋಡಿಸುತ್ತಿದ್ದೆ. ಕನ್ನಡ, ತಮಿಳು, ತೆಲುಗು, ಮೂರೂ. ನಮ್ಮೂರಿನಲ್ಲಿ ಒಂದೇ ಮದುವೆಗೆ ಮೂರು ಭಾಷೆಯ ಪತ್ರಿಕೆ ಬೇಕಾಗುವುದು ಅಪರೂಪವೇನಲ್ಲ. ಜೋಡಿಸಿದ ಪುಟವನ್ನು ರಾಬರ್ಟ್‌ಸನ್‌ಪೇಟೆಯ ಮುದ್ರಣಾಲಯಕ್ಕೆ ಕೊಟ್ಟು ಬಂದರೆ ನನ್ನ ಕೆಲಸ ಮುಗಿಯಿತು. ಆ ಕೆಲಸ ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಬೆಳಿಗ್ಗೆ ಪಾತ್ರೆ ತೊಳೆಯುವಾಗಲೇ ಯಾವ ಹೆಸರಿಗೆ ಯಾವ ಅಕ್ಷರ ಹಾಕಲಿ ಎಂದು ಯೋಚಿಸುತ್ತಿದ್ದೆ.

ಆ ಸಂಜೆ ಒಂದು ಪತ್ರಿಕೆಯ ಕೊನೆಯ ಸಾಲಿನಲ್ಲಿದ್ದೆ. ಪರದೆಯ ತುಂಬ ಹಸಿರು, ನೇರಳೆ ಗೆರೆಗಳು ಅಡ್ಡಡ್ಡ ಬಿದ್ದವು. ವಧುವಿನ ಹೆಸರು ಎರಡು ತುಂಡಾಗಿ ಒಂದು ತುಂಡು ಕೆಳಗೆ ಜಾರಿತು. ಆರಿಸಿ ಮತ್ತೆ ಹಚ್ಚಿದರೂ ಗೆರೆಗಳು ಹೋಗಲಿಲ್ಲ.

ಬಂಗಾರಪೇಟೆಯಿಂದ ರಿಪೇರಿಯವನು ಮರುದಿನ ರೈಲಿನಲ್ಲಿ ಬಂದ. ಕೈಯಲ್ಲಿ ಫ್ಲಾಪಿಗಳ ಡಬ್ಬಿ. ಅವನು ಮಾಡಿದ್ದು ನಾನು ನೋಡಿ ಕಲಿತದ್ದು ಇಷ್ಟು: ಕಂಪ್ಯೂಟರಿನೊಳಗೆ ಒಂದು ಡಿಸ್‌ಪ್ಲೇ ಕಾರ್ಡು ಇರುತ್ತದೆ, ಚಿತ್ರವನ್ನು ಪರದೆಗೆ ಕಳಿಸುವುದು ಅದರ ಕೆಲಸ. ಆ ಕಾರ್ಡಿನ ಜೊತೆ ಮಾತಾಡಲು ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. ಅವನು ಹದಿನಾರೇ ಬಣ್ಣದ ಸಾದಾ ಡ್ರೈವರ್ ಹಾಕಿದ. ಗೆರೆ ಮಾಯ! ಆದರೆ ಅಕ್ಷರಗಳೆಲ್ಲ ದಪ್ಪದಪ್ಪ, ಒತ್ತಕ್ಷರ ಗುರುತೇ ಸಿಗದು, ಪುಟದ ಕಾಲುಭಾಗ ಮಾತ್ರ ಕಾಣುವುದು. ಹಿಂದಿನ ಕೇಬಲ್ಲನ್ನು ಕಿತ್ತು ಒತ್ತಿ ಸಿಕ್ಕಿಸಿ, ಆ ಕಾರ್ಡಿನದೇ ಡ್ರೈವರನ್ನು ಫ್ಲಾಪಿಯಿಂದ ಹೊಸದಾಗಿ ಹಾಕಿದ. ಚಿತ್ರ ನಿಚ್ಚಳವಾಗಿ ಬಂತು.

"ಡ್ರೈವರ್ ಕೆಟ್ಟಿತ್ತು ಮೇಡಂ, ಅಷ್ಟೇ," ಎಂದ. "ಈ ಕ್ಯಾಬಿನೆಟ್ ಪೆಟ್ಟಿಗೆ ಒಂದ್ಸಲ ಬಿಚ್ಚಿ ನೋಡ್ಲಾ?"

ಗಂಡನಿಗೆ ಅದು ಹಿಡಿಸಲಿಲ್ಲ. "ಅದೇನ್ ನೋಡ್ತೀಯಪ್ಪಾ? ಆಯುಧಪೂಜೆಗೆ ನಾನೇ ಬಿಚ್ಚಿ ಕಿಲೀನ್ ಮಾಡಿವ್ನಿ. ಕಾರ್ಖಾನೇಲಿ ಇದಕ್ಕಿಂತ ದೊಡ್ಡ ದೊಡ್ಡ ಮಿಷನ್ನು ಬಿಚ್ತೀನಿ. ಒಳಗೆಲ್ಲಾ ಪಳಪಳ ಅಂತೈತೆ."

ಮೂರನೇ ದಿನ ಸಂಜೆ ಮತ್ತೆ ಗೆರೆ. ಡ್ರೈವರ್ ಹಾಕುವುದನ್ನು ನಾನೇ ಕಲಿತೆ. ಕ್ಯಾಬಿನೆಟ್ಟನ್ನು ಮುಂದಕ್ಕೆಳೆದು, ಹಿಂದಿನ ಕೇಬಲ್ ಕಿತ್ತು, ಧೂಳು ಊದಿ, ಒತ್ತಿ ಸಿಕ್ಕಿಸಿ, ಸಾದಾ ಡ್ರೈವರ್ ಹಾಕಿ, ಮತ್ತೆ ಅಸಲಿ ಡ್ರೈವರ್ ಹಾಕುವುದು. ಸರಿಯಾಗುತ್ತಿತ್ತು. ಎರಡು ದಿನ, ಕೆಲವು ಸಲ ಒಂದೇ ದಿನ. ಆಮೇಲೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮತ್ತೆ ಗೆರೆ.

ವಿಜ್ಞಾನ ಓದಿದವಳಲ್ಲವೇ, ಪಟ್ಟಿ ಮಾಡಿದೆ. ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿ ಗಂಟೆ, ವೋಲ್ಟೇಜು, ಸೆಕೆ, ಆಗ ತೆರೆದಿದ್ದ ಪುಟ, ಕೊನೆಗೆ ಒತ್ತಿದ ಕೀಲಿ, ಎಲ್ಲ ಬರೆದೆ. ಬರೆಯದೆ ಬಿಟ್ಟದ್ದು ಒಂದೇ. ಅದು ಬರೆಯುವಂಥದ್ದು ಎಂದೇ ನನಗೆ ಹೊಳೆಯಲಿಲ್ಲ.

ಪಾಳಿ ಬದಲಾಗುವ ಹೊತ್ತಿಗೆ ಗಣಿಯ ಆಳದಲ್ಲಿ ಮದ್ದು ಹಾರಿಸುತ್ತಿದ್ದರು. ಅದರ ಹಿಂದೆಯೇ ಕೆಲವು ಸಲ ಬಂಡೆ ತಾನಾಗಿ ಸಿಡಿದು, ಮೇಲೆ ನಮ್ಮ ನೆಲ ಅದುರುತ್ತಿತ್ತು. ಊರಿಗಾಂನ ಅಡುಗೆಮನೆಗಳಲ್ಲಿ ಪಾತ್ರೆಯ ಹಲಗೆಗೆಲ್ಲ ಮುಂದುಗಡೆ ಒಂದು ಮರದ ಪಟ್ಟಿ ಹೊಡೆದಿರುವುದು ಅದಕ್ಕೇ. ದೇವರ ಪಟಗಳಿಗೆ ಎರಡೆರಡು ಮೊಳೆ. ಅದುರಿದರೆ ಹೆಂಗಸರು ಬಾಗಿಲಿಗೆ ಬಂದು ಗಣಿಯ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಕೆಳಗಿರುವವರು ಮೇಲೆ ಬಂದು, ಅವರ ಸೈಕಲ್ಲುಗಳು ಬೀದಿಗೆ ಬರುವವರೆಗೆ ಅದುರಿನ ಸುದ್ದಿಯನ್ನು ಬಾಯಿಗೆ ತರಬಾರದು. ಮದುವೆಯಾಗಿ ಬಂದ ಮೊದಲ ವಾರವೇ ಅಕ್ಕಪಕ್ಕದವರು ನನಗೆ ಇದನ್ನು ಕಲಿಸಿದ್ದರು. ಬಾಯಲ್ಲಿ ಆಡದ್ದನ್ನು ನಾನು ಪುಸ್ತಕದಲ್ಲೂ ಬರೆಯಲಿಲ್ಲ.

ಪಕ್ಕದ ಮನೆಯ ತಾತ ಗಣಿಯಿಂದ ನಿವೃತ್ತರಾದವರು. ಮನೆಮಾತು ತಮಿಳು. ನೆಲದಡಿಯಲ್ಲಿ ಬಂಡೆ ಕುಸಿಯದಂತೆ ಮರದ ದಿಮ್ಮಿ ಆನಿಸಿ ನಿಲ್ಲಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ಸಂಜೆ ನಮ್ಮ ಜಗಲಿಯ ಮೇಲೆ ಕೂತು ಕಿಟಕಿಯಿಂದ ಇಣುಕುತ್ತಿದ್ದರು.

"ಏನಮ್ಮಾ, ಇವತ್ತೂ ನಿಮ್ಮ ಟೀವೀಲಿ ಮಳೆನಾ?"

"ಟೀವಿ ಅಲ್ಲ ತಾತ, ಕಂಪ್ಯೂಟರ್ರು."

"ಏನೋ ಒಂದು. ಬೇತಮಂಗಲ ಕೆರೆ ಮೇಲಾದ್ರೂ ಬರಬಾರ್ದಾ ಆ ಮಳೆ? ನಲ್ಲೀಲಿ ನೀರಾದ್ರೂ ಬರೋದು."

ಹದಿನಾರನೇ ದಿನ ಮತ್ತೆ ಬಂದ ರಿಪೇರಿಯವನೂ ಕೈಚೆಲ್ಲಿದ. "ಮಾನಿಟರೇ ಇರಬೇಕು, ಬೆಂಗಳೂರಿಗೆ ಕಳಿಸಬೇಕು," ಎಂದು ಹೇಳಿ ರೈಲು ಹತ್ತಿದ. ಅವತ್ತು ಗಂಡನಿಗೆ ರಜೆ. ಊಟ ಮಾಡಿ ಎದ್ದವರೇ ಸ್ಕ್ರೂಡ್ರೈವರ್ ಹಿಡಿದು ಬಂದರು.

"ಬೆಂಗಳೂರ್ಗೆ ಯಾಕ್ ಓಗ್ಬೇಕು? ಯಾವ್ದೋ ವೈರು ಲೂಸಾಗಿರ್ತದೆ. ಅರ್ಧ ಗಂಟೆ ಕೆಲ್ಸ."

"ರೀ, ಅದರಲ್ಲಿ ಕರೆಂಟ್ ಇರತ್ತೆ."

"ಸ್ವಿಚ್ ಆರಿಸಿವ್ನಲ್ಲಾ?"

"ಆರಿಸಿದ್ರೂ ಟ್ಯೂಬಲ್ಲಿ ನಿಂತಿರತ್ತೆ. ಲ್ಯಾಬಲ್ಲಿ ಹೇಳ್ಕೊಟ್ಟಿದಾರೆ. ಸಾವಿರಾರು ವೋಲ್ಟು."

"ನಿಮ್ ಲ್ಯಾಬು! ಸುಮ್ಕಿರು, ಟಾರ್ಚ್ ಇಡ್ಕೊ."

ನಾನು ಟಾರ್ಚ್ ಹಿಡಿದೆ. ಈಗಲೂ ನನ್ನನ್ನು ಚುಚ್ಚುವುದು ಇದೇ. ಗೊತ್ತಿದ್ದವಳು ನಾನು. ಗೊತ್ತಿದ್ದೂ ಅವರಿಗೆ ಬೆಳಕು ಹಿಡಿದೆ.

ಇನ್ನೊಂದು ಸಂಗತಿ. ಆಯುಧಪೂಜೆಯಲ್ಲಿ ಆ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದೆವು. ಅಂದಿನಿಂದ ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ ಎಂಬ ಕಟ್ಟಳೆ ಮಾಡಿದವರು ಅವರೇ. ರಬ್ಬರಿನ ಚಪ್ಪಲಿ ಬಾಗಿಲ ಹೊರಗಿತ್ತು. ನೆಲವನ್ನು ಆಗತಾನೆ ಒರೆಸಿದ್ದೆ, ಇನ್ನೂ ತೇವವಿತ್ತು. ಬರಿಗಾಲಲ್ಲಿ ನಿಂತು, ಎಡಗೈಯನ್ನು ಕಬ್ಬಿಣದ ಮೇಜಿಗೆ ಊರಿ, ಬಲಗೈಯ ಸ್ಕ್ರೂಡ್ರೈವರಿನಿಂದ ಚಿತ್ರನಳಿಗೆಯ ಮೇಲಿದ್ದ ರಬ್ಬರಿನ ಟೊಪ್ಪಿಯಂಥದ್ದನ್ನು ಮೆಲ್ಲನೆ ಎತ್ತಲು ಹೋದರು. ಹಿಡಿಯಿಂದ ಜಾರಿ ಅವರ ಬೆರಳು ಸ್ಕ್ರೂಡ್ರೈವರಿನ ಕಬ್ಬಿಣದ ಕಡ್ಡಿಯ ಮೇಲೆ ಇತ್ತು. ಅದು ನನಗೆ ಟಾರ್ಚಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡಿತು. "ರೀ, ಬೆರಳು" ಎನ್ನಬೇಕೆಂದು ಬಾಯಿ ತೆರೆದೆ.

ಟಪ್ ಎಂದಿತು. ಒಣಗಿದ ಅವರೆಕಾಯಿ ಸಿಡಿದಷ್ಟೇ ಸಣ್ಣ ಸದ್ದು. ಒಂದು ನೀಲಿ ಚುಕ್ಕೆ. ಸ್ಕ್ರೂಡ್ರೈವರ್ ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಅವರು ಹಿಂದಕ್ಕೆ ಬಿದ್ದು, ಗೋಡೆಗೆ ಒರಗಿ ಕೂತರು. ಕಣ್ಣು ತೆರೆದಿತ್ತು. ಬಲಗೈ ಮಾತ್ರ ಬೇರೆ ಯಾರದೋ ಕೈಯಂತೆ ತೊಡೆಯ ಮೇಲೆ ಕುಣಿಯುತ್ತಿತ್ತು.

ನಾನು ಕೂಗಿದ್ದು ನನಗೆ ನೆನಪಿಲ್ಲ. ತಾತ ಒಳಗೆ ಬಂದಿದ್ದರು. ಅವರು ಮೊದಲು ಮಾಡಿದ ಕೆಲಸ ಗೋಡೆಯಿಂದ ಪ್ಲಗ್ ಕಿತ್ತದ್ದು. ಆಮೇಲೆ ಮಂಡಿಯೂರಿ ಗಂಡನ ಗಲ್ಲ ಹಿಡಿದು ಅಲ್ಲಾಡಿಸಿದರು.

"ತಂಬಿ! ಏ ತಂಬಿ! ನನ್ನ ನೋಡು. ಹೆಸರು ಹೇಳು ನಿಂದು."

ಗಂಡ ಬಹಳ ಹೊತ್ತು ತಾತನನ್ನೇ ನೋಡಿದರು. ಬಹಳ ಹೊತ್ತು ಎನ್ನುವುದು ನನ್ನ ಲೆಕ್ಕ. ತಾತ ಆಮೇಲೆ "ಎರಡು ಉಸಿರಷ್ಟು" ಎಂದರು. ಕೊನೆಗೆ ಗಂಡ ಹೆಸರು ಹೇಳಲಿಲ್ಲ, "ಮಾನಿಟರ್ ಬಿತ್ತಾ?" ಎಂದು ಕೇಳಿದರು.

"ಮೂಳೆ ಗಟ್ಟಿ ಐತೆ, ಬುದ್ಧಿ ಮಾತ್ರ ಮೊದಲಿನಷ್ಟೇ," ಎಂದರು ತಾತ. ನಾನು ಅತ್ತೆನೋ ನಕ್ಕೆನೋ ತಿಳಿಯದು. ಆಸ್ಪತ್ರೆಯಲ್ಲಿ ಎದೆ ಪರೀಕ್ಷೆ ಮಾಡಿ, ಏನೂ ಆಗಿಲ್ಲ, ಅದೃಷ್ಟ, ಎಂದು ಮನೆಗೆ ಕಳಿಸಿದರು. ಬೆರಳ ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಕಲೆ ಉಳಿಯಿತು.

ಅವತ್ತಿನಿಂದ ನಮಗೆ ಇಡೀ ರಾತ್ರಿಯ ನಿದ್ದೆ ಎಂಬುದು ಹೋಯಿತು. ಕಣ್ಣು ಹತ್ತುವ ಹೊತ್ತಿಗೆ ಅವರ ಕೈ ಸೆಟೆದು ಎಚ್ಚರವಾಗುತ್ತಿತ್ತು. ಅವರು ಸುಮ್ಮನೆ ಮಲಗಿದ್ದರೆ ನನಗೆ ಎಚ್ಚರ. ಎದೆಯ ಮೇಲೆ ಅಂಗೈ ಇಟ್ಟು ಉಸಿರು ನೋಡುತ್ತಿದ್ದೆ. ಹಗಲು ಇಬ್ಬರೂ ಆಕಳಿಸುತ್ತ ಓಡಾಡುತ್ತಿದ್ದೆವು. ಅವರು ರಾಬರ್ಟ್‌ಸನ್‌ಪೇಟೆಗೆ ಹೋಗಿ ದಪ್ಪ ರಬ್ಬರಿನ ಒಂದು ಜೊತೆ ಹೊಸ ಚಪ್ಪಲಿ ತಂದರು. "ಇದು ದೇವ್ರ ಕೋಣೇದು. ಬೀದೀಗ್ ಆಕ್ಕೊಂಡೋಗಂಗಿಲ್ಲ," ಎಂದು ಕಂಪ್ಯೂಟರಿನ ಮುಂದೆ ಇಟ್ಟರು. ಮಾನಿಟರಿನ ಹಿಂಬದಿಯನ್ನು ರಿಪೇರಿಯವನನ್ನು ಕರೆಸಿ ಮುಚ್ಚಿಸಿದೆ. ಗೆರೆಗಳು ಬರುತ್ತಲೇ ಇದ್ದವು. ಬರಲಿ ಬಿಡು ಎಂದುಕೊಂಡೆ. ಡ್ರೈವರ್ ಹಾಕಿ ಹಾಕಿ ಕೆಲಸ ಮಾಡುತ್ತಿದ್ದೆ. ಆದರೆ ಗೆರೆ ಬಂದಾಗಲೆಲ್ಲ ಗಂಡ ಒಮ್ಮೆ ಅದರತ್ತ ನೋಡುವುದು, ನಾನು ಅವರ ಕೈಯತ್ತ ನೋಡುವುದು ತಪ್ಪಲಿಲ್ಲ. ಕಾರಣ ಸಿಗದ ಹೊರತು ಅವರು ಮತ್ತೊಂದು ದಿನ ಸ್ಕ್ರೂಡ್ರೈವರ್ ಹಿಡಿಯುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಒಂದು ಸಂಜೆ ತಾತ ಗಂಡನನ್ನು ವಿಚಾರಿಸಲು ಬಂದು ಮೇಜಿನ ಪಕ್ಕ ಕೂತಿದ್ದರು. ಗಂಡ ಆಗಷ್ಟೇ ಕಾರ್ಖಾನೆಯಿಂದ ಬಂದಿದ್ದರು. ನಾನು ಕೀಲಿಮಣೆಯ ಮುಂದಿದ್ದೆ. ನೆಲ ಅದುರಿತು. ಅಡುಗೆಮನೆಯಲ್ಲಿ ಲೋಟಗಳು ಕಿಣಿಕಿಣಿ ಎಂದವು. ಎಷ್ಟೋ ವರ್ಷದ ಅಭ್ಯಾಸ, ತಾತ ಯೋಚಿಸದೆಯೇ ಎದ್ದು ಬೀಳಬಹುದಾದದ್ದನ್ನು ಹಿಡಿದುಕೊಂಡರು: ಒಂದು ಕೈ ಮಾನಿಟರಿನ ಮೇಲೆ, ಇನ್ನೊಂದು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ, ದಪ್ಪ ಕೇಬಲ್ ಸಿಕ್ಕಿಸುವಲ್ಲಿ.

ಪರದೆಯ ತುಂಬ ಗೆರೆ ಬಿದ್ದಿತ್ತು. ತಾತನ ಹಿಂದಿನ ಕೈ ಭಾರವಾಗಿ ಕೆಳಕ್ಕೆ ಒತ್ತಿತು. ಗೆರೆ ಹೋಯಿತು! ಕೈ ಸಡಿಲಿಸಿದರು. ಗೆರೆ. ಒತ್ತಿದರು. ನಿಚ್ಚಳ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ಮಾತಾಡಲಿಲ್ಲ, ಮಾತಾಡುವಂತಿರಲಿಲ್ಲ. ತಾತ ಒತ್ತಿದ ಕೈ ತೆಗೆಯದೆ ಹಾಗೆಯೇ ನಿಂತರು. ಬಾಗಿಲ ಆಚೆ ಹೆಂಗಸರು ಗಣಿಯ ಕಡೆ ನೋಡುತ್ತಿದ್ದರು. ನಾನು ನೋಟ್‌ಬುಕ್ ತೆರೆದು ನನ್ನದೇ ಅಂಕಿಗಳನ್ನು ನೋಡಿದೆ. ನಾಲ್ಕೂ ಇಪ್ಪತ್ತು, ನಾಲ್ಕೂಕಾಲು, ನಾಲ್ಕೂವರೆ. ಒಂದೊಂದಕ್ಕೂ ಒಂದೊಂದು ಅದುರು ನೆನಪಾಗುತ್ತ ಬಂತು. ಬಹಳ ಹೊತ್ತಿನ ಮೇಲೆ ಬೀದಿಯಲ್ಲಿ ಸೈಕಲ್ ಗಂಟೆಗಳು ಕೇಳಿದವು. ಪಾಳಿಯವರು ಯಾರನ್ನೋ ಗೇಲಿ ಮಾಡಿಕೊಂಡು ಹೋಗುತ್ತಿದ್ದರು.

ಆಗ ತಾತ ಬಾಯಿ ಬಿಟ್ಟರು. "ಒಳಗೆ ಏನೋ ಎದ್ದೈತೆ ತಂಬಿ. ಅದುರಿದಾಗೆಲ್ಲಾ ಒಂದು ನೂಲು ಮೇಲಕ್ಕೆ ಬತ್ತೈತೆ. ಕೆಳಗೆ ನಮ್ಮ ದಿಮ್ಮೀನೂ ಇಂಗೇನೇ. ಆನಿಸಿ ಬಿಟ್ರೆ ಸಾಲ್ದು, ಬಿಗಿ ಮಾಡ್ಬೇಕು."

ಪ್ಲಗ್ ಕಿತ್ತೆವು. ನಾನು ಗಡಿಯಾರ ನೋಡಿ ಒಂದು ಗಂಟೆ ಯಾರನ್ನೂ ಹತ್ತಿರ ಬಿಡಲಿಲ್ಲ. ಅಷ್ಟು ಕಾಯುವ ಅಗತ್ಯ ಕ್ಯಾಬಿನೆಟ್ಟಿಗೆ ಇಲ್ಲವೆಂದು ನನಗೆ ಗೊತ್ತಿತ್ತು, ಅಗತ್ಯ ಇದ್ದದ್ದು ನನಗೆ. ಗಂಡ ಹೊಸ ಚಪ್ಪಲಿ ಹಾಕಿಕೊಂಡು ಮರದ ಮಣೆಯ ಮೇಲೆ ನಿಂತರು. ಮುಚ್ಚಳ ತೆಗೆದರೆ, ಡಿಸ್‌ಪ್ಲೇ ಕಾರ್ಡಿನ ಒಂದು ತುದಿ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಇನ್ನೊಂದು ತುದಿ ಕಚ್ಚಿಕೊಂಡೇ ಇತ್ತು. ಸಾದಾ ಡ್ರೈವರಿಗೆ ಆ ಅರ್ಧವೇ ಸಾಕಾಗುತ್ತಿತ್ತು. ನಾನು ಪ್ರತಿಸಲ ಕೇಬಲ್ ಒತ್ತಿ ಸಿಕ್ಕಿಸುವಾಗ ಕಾರ್ಡು ತನ್ನ ಜಾಗಕ್ಕೆ ಕೂರುತ್ತಿತ್ತು. ಡ್ರೈವರಿನಿಂದ ಸರಿಯಾಯಿತೆಂದು ನಾನು ಬರೆದುಕೊಳ್ಳುತ್ತಿದ್ದೆ. ಕಾರ್ಡನ್ನು ಬಿಗಿಹಿಡಿಯುವ ಸ್ಕ್ರೂ ಇರಬೇಕಾದಲ್ಲಿ ಬರೀ ತೂತು. ತೂತಿನ ಪಕ್ಕದಲ್ಲಿ, ಅಷ್ಟು ಒಳಗೆ, ಅರಿಶಿನದ ಒಂದು ಬೊಟ್ಟು.

"ಕಾರ್ಡ್‌ಗೂ ಬೊಟ್ಟಿಟ್ಟಿದ್ರಾ?" ಎಂದೆ.

ಗಂಡ ತಲೆ ಕೆರೆದುಕೊಂಡರು. "ಎಲ್ಲಾದಕ್ಕೂ ಇಟ್ಟೆ. ಇದನ್ನೊಂದು ಯಾಕ್ ಬಿಡೋದು ಅಂತ ಎತ್ತಿ ಒರೆಸಿ…"

"ಸ್ಕ್ರೂ?"

ಅವರು ದೇವರ ಗೂಡಿಗೆ ಹೋದರು. ಪೂಜೆಯ ತಟ್ಟೆ ತಂದರು. ಕುಂಕುಮದ ಬಟ್ಟಲ ಪಕ್ಕ, ಒಣಗಿದ ಅರಿಶಿನದಲ್ಲಿ ಅರ್ಧ ಹೂತು, ಕುಳಿತಿತ್ತು ಸ್ಕ್ರೂ. ದಿನವೂ ಬೆಳಿಗ್ಗೆ ನಾನು ಅದೇ ತಟ್ಟೆಯಿಂದ ಕುಂಕುಮ ತೆಗೆದುಕೊಳ್ಳುತ್ತಿದ್ದೆ.

ತಾತ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ದೊಡ್ಡ ದೊಡ್ಡ ಮಿಷನ್ನು ಬಿಚ್ಚೋ ಫಿಟ್ಟರು! ಬಿಚ್ಚೋದೇನೋ ಬತ್ತೈತೆ. ಮುಚ್ಚೋದು ಯಾವಾಗಪ್ಪಾ ಕಲೀತೀಯ?" ಗಂಡನೂ ನಕ್ಕರು. ಕರೆಂಟ್ ಹೊಡೆದ ಮೇಲೆ ಅವರು ಬಾಯ್ತುಂಬ ನಕ್ಕದ್ದು ಅದೇ ಮೊದಲು. ಅವರೇ ಸ್ಕ್ರೂ ಹಾಕಿ ಬಿಗಿಮಾಡಿದರು. ನಾನು ಟಾರ್ಚ್ ಹಿಡಿದಿರಲಿಲ್ಲ. ಅವರ ಮೊಣಕೈ ಹಿಡಿದಿದ್ದೆ.

ಗೆರೆಗಳು ನಿಂತವು. ನಿದ್ದೆ ಮಾತ್ರ ಕೂಡಲೇ ಬರಲಿಲ್ಲ. ಎಚ್ಚರವಾಗುವುದು ಎರಡು ಸಲಕ್ಕಿಳಿಯಿತು, ಆಮೇಲೆ ಒಂದಕ್ಕೆ. ಕಾರ್ತಿಕ ಮುಗಿದು, ಅವರೆಕಾಯಿ ಕಾಲವೂ ಬಂತು.

ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ಬಿಂದಿಗೆ ಹಿಡಿದು ನಿಂತಿದ್ದ ತಾತ ಕೇಳಿದರು: "ರಾತ್ರಿ ಅಷ್ಟು ದೊಡ್ಡ ಅದುರು, ನಿಮ್ಮನೇಲಿ ಏನಾದ್ರೂ ಬಿತ್ತಾ ಅಮ್ಮಾ? ಪಾಳಿಯೋರೆಲ್ಲಾ ಮೇಲೆ ಬಂದ್ರು, ಯೋಚ್ನೆ ಇಲ್ಲ."

ನಾನು ಗಂಡನ ಮುಖ ನೋಡಿದೆ. ಅವರೂ ನನ್ನನ್ನು ನೋಡಿದರು. ಅಡುಗೆಮನೆಗೆ ಹೋಗಿ ನೋಡಿದರೆ ಪಟ್ಟಿ ದಾಟಿ ಬಿದ್ದ ಒಂದು ಸ್ಟೀಲಿನ ತಂಬಿಗೆ ಬಾಗಿಲವರೆಗೂ ಉರುಳಿ ಬಂದಿತ್ತು. ಕಂಪ್ಯೂಟರ್ ಹಚ್ಚಿದೆ. ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಪತ್ರಿಕೆ, ಒತ್ತಕ್ಷರ ಸಮೇತ, ನಿಚ್ಚಳವಾಗಿ ನಿಂತಿತ್ತು.

ನೋಟ್‌ಬುಕ್ ತೆಗೆದೆ. ಅದರಲ್ಲಿ ಬರೆದ ಕೊನೆಯ ಸಾಲು ಅದೇ: ರಾತ್ರಿ ದೊಡ್ಡ ಅದುರು. ಪರದೆ ಸರಿಯಾಗಿದೆ. ಸಮಯ ಗೊತ್ತಿಲ್ಲ, ಇಬ್ಬರೂ ನಿದ್ದೆಯಲ್ಲಿದ್ದೆವು.